ಹುದುಗುವುದು ಬೇರೆ, ಮಾಗುವುದು ಬೇರೆ

ಮನೆಯಲ್ಲಿ ಬಿಯರ್ ತಯಾರಿಸುವವರ ನಡುವೆ ಒಂದು ಸೂತ್ರ ಓಡಾಡುತ್ತದೆ: ಒಂದು-ಎರಡು-ಮೂರು. ಮೊದಲ ಪಾತ್ರೆಯಲ್ಲಿ ಒಂದು ವಾರ, ಎರಡನೆಯ ಪಾತ್ರೆಯಲ್ಲಿ ಎರಡು ವಾರ, ಬಾಟಲಿಯಲ್ಲಿ ಮೂರು ವಾರ. ಮಗ್ಗಿಯಷ್ಟೇ ಸುಲಭ. ಅಮೆರಿಕದ ಗ್ಯಾರೇಜುಗಳಲ್ಲಿ, ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು. ನನ್ನ ವಾದ ಇಷ್ಟೇ: ಈ ಸೂತ್ರದ ನಡುವಿನ ಅಂಕಿಗೆ ಈಗ ಆಧಾರವಿಲ್ಲ. ಬಹುಪಾಲು ಬಿಯರುಗಳಿಗೆ ಎರಡನೆಯ ಪಾತ್ರೆ ಬೇಕಿಲ್ಲ. ಬೇಕಿಲ್ಲದಿರುವುದಷ್ಟೇ ಅಲ್ಲ, ಎಷ್ಟೋ ಸಲ ಅದು ಬಿಯರನ್ನು ಕೆಡಿಸುತ್ತದೆ. ಹಾಗೆಂದು ಕಾಯುವುದೇ ಬೇಡ ಎನ್ನುವವರ ಪಕ್ಷವೂ ನನ್ನದಲ್ಲ. ಅವರ ಬಗ್ಗೆ ಕೊನೆಗೆ ಬರುತ್ತೇನೆ.

ಬಿಯರ್ ಮಾಡದವರಿಗಾಗಿ ಎರಡು ಮಾತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿಯಾದ ಕಷಾಯ ಸಿಗುತ್ತದೆ. ಅದಕ್ಕೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಈಸ್ಟ್ ಬೆರೆಸುತ್ತಾರೆ. ಮನೆಯ ಅಳತೆ ಸಾಮಾನ್ಯವಾಗಿ 19 ಲೀಟರ್, ಅಂದರೆ ಐದು ಗ್ಯಾಲನ್. ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಈಸ್ಟ್ ಮೂರರಿಂದ ಐದು ದಿನ ಜೋರಾಗಿ ಕೆಲಸ ಮಾಡುತ್ತದೆ, ನೊರೆ ಉಕ್ಕುತ್ತದೆ, ಆಮೇಲೆ ತಣ್ಣಗಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಬೆರಳು ದಪ್ಪದ ಗಸಿ ನಿಲ್ಲುತ್ತದೆ. ಈಗ ಸೂತ್ರ ಹೇಳುತ್ತದೆ: ಗಸಿಯನ್ನು ಅಲ್ಲೇ ಬಿಟ್ಟು, ಮೇಲಿನ ಬಿಯರನ್ನು ಕೊಳವೆಯಿಂದ ಇನ್ನೊಂದು ಗಾಜಿನ ಬುಡ್ಡಿಗೆ ಇಳಿಸು, ಅಲ್ಲಿ ಅದು ಎರಡನೆಯ ಸಲ ಹುದುಗಲಿ.

ತಕರಾರು ಈ ಹೆಸರಿನಿಂದಲೇ ಶುರುವಾಗಬೇಕು. ‘ಸೆಕೆಂಡರಿ ಫರ್ಮೆಂಟೇಶನ್’ ಎನ್ನುತ್ತಾರಲ್ಲ, ಅಲ್ಲಿ ಏನೂ ಹುದುಗುವುದಿಲ್ಲ. ಈಸ್ಟ್ ತಿನ್ನಬಹುದಾದ ಸಕ್ಕರೆಯೆಲ್ಲ ಮೊದಲ ಪಾತ್ರೆಯಲ್ಲೇ ಮುಗಿದಿರುತ್ತದೆ. ಬಿಯರಿನಲ್ಲಿ ನಿಜವಾದ ಎರಡನೆಯ ಹುದುಗು ಅಂತ ಒಂದಿದ್ದರೆ ಅದು ಬಾಟಲಿಯಲ್ಲಿ ನಡೆಯುತ್ತದೆ. ಅಷ್ಟೂ ಬಿಯರಿಗೆ 110ರಿಂದ 130 ಗ್ರಾಂ ಸಕ್ಕರೆ ಬೆರೆಸಿ ಮುಚ್ಚಳ ಬಿಗಿದಾಗ, ಉಳಿದ ಈಸ್ಟ್ ಅದನ್ನು ತಿಂದು ಗ್ಯಾಸ್ ತುಂಬಿಸುತ್ತದೆ. ನಡುವಿನ ಬುಡ್ಡಿಯಲ್ಲಿ ಆಗುವುದು ಹೆಚ್ಚೆಂದರೆ ಮಾಗುವಿಕೆ. ಕನ್ನಡಕ್ಕೆ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಸ್ಪಷ್ಟತೆ ಇದೆ. ಹಿಟ್ಟು ಹುದುಗುತ್ತದೆ, ಹಣ್ಣು ಮಾಗುತ್ತದೆ. ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಯಾರೂ ಹೇಳುವುದಿಲ್ಲ. ಹುದುಗಲು ಸಕ್ಕರೆ ಬೇಕು. ಮಾಗಲು ಸಮಯ ಸಾಕು, ಪಾತ್ರೆ ಬದಲಿಸಬೇಕಾಗಿಲ್ಲ. ಹೆಸರು ತಪ್ಪಿದ್ದರಿಂದ ಜನ ಕೆಲಸವನ್ನೂ ತಪ್ಪಾಗಿ ತಿಳಿದರು: ಎರಡನೆಯ ಪಾತ್ರೆಗೆ ಸುರಿದರೆ ಬಿಯರಿಗೆ ಎರಡನೆಯ ಜನ್ಮ ಬರುತ್ತದೆ ಎಂದುಕೊಂಡರು.

ಹಾಗಾದರೆ ಈ ಪದ್ಧತಿ ಬಂದದ್ದು ಎಲ್ಲಿಂದ? ಒಂದು ಕಾಲಕ್ಕೆ ಇದಕ್ಕೂ ಕಾರಣವಿತ್ತು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಅದಕ್ಕೆ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಬರಬೇಕಾಯಿತು. ಒಬ್ಬ ವಯಸ್ಕ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200. ಆದರೂ ರಾಜ್ಯಗಳ ಕಾನೂನು ಬೇರೆ; ಅಲಬಾಮಾ, ಮಿಸಿಸಿಪ್ಪಿಗಳು ಒಪ್ಪಿದ್ದು 2013ರಲ್ಲಿ. ಇಂಗ್ಲೆಂಡಿನಲ್ಲಿ ಮನೆಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲೇ ಹೋಗಿತ್ತು. (ಊರಿನಲ್ಲಿ ಓದುತ್ತಿರುವವರಿಗೆ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಈ ಲೇಖನ ಅದಕ್ಕೆ ಪ್ರೋತ್ಸಾಹವಲ್ಲ.)

ಆ ಮೊದಲ ದಿನಗಳಲ್ಲಿ ಮನೆಯವರಿಗೆ ಸಿಗುತ್ತಿದ್ದ ಈಸ್ಟ್ ಹೇಗಿತ್ತು? ಮಾಲ್ಟ್ ಪಾಕದ ಡಬ್ಬಿಯ ಮುಚ್ಚಳದಡಿ ಒಂದು ಸಣ್ಣ ಪೊಟ್ಟಣ. ಎಷ್ಟು ತಿಂಗಳು ಯಾವ ಗೋದಾಮಿನ ಬಿಸಿಲಿನಲ್ಲಿ ಬೆಂದಿತ್ತೋ ಹೇಳುವವರಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಈಸ್ಟ್ ಬೆಳೆಸಿದ್ದು 1883ರಲ್ಲಿ. ಮನೆಯ ಬಕೆಟ್ಟಿಗೆ ಆ ಭಾಗ್ಯ ಬರಲು ಇನ್ನೊಂದು ನೂರು ವರ್ಷ ಬೇಕಾಯಿತು. ವೈಯೀಸ್ಟ್ ಕಂಪನಿ ಶುರುವಾದದ್ದು 1986ರಲ್ಲಿ, ವೈಟ್ ಲ್ಯಾಬ್ಸ್ 1995ರಲ್ಲಿ. ಅದಕ್ಕೆ ಮುಂಚಿನ ಅರೆಜೀವದ ಈಸ್ಟ್ ಕೆಲಸ ಮುಗಿಸುವಷ್ಟರಲ್ಲಿ ಸತ್ತು, ಕೊಳೆತು, ಬಿಯರಿಗೆ ಸುಟ್ಟ ರಬ್ಬರಿನ, ಮಾಂಸದ ಸಾರಿನ ವಾಸನೆ ಹತ್ತಿಸುವ ಸಾಧ್ಯತೆ ಇತ್ತು. ಇದಕ್ಕೆ ಆಟೋಲಿಸಿಸ್ ಎನ್ನುತ್ತಾರೆ: ಸತ್ತ ಕೋಶ ತನ್ನನ್ನೇ ಜೀರ್ಣಿಸಿಕೊಂಡು ಒಳಗಿನದನ್ನು ಹೊರಗೆ ಚೆಲ್ಲುವುದು. ಅಂಥ ಈಸ್ಟ್ ಮೇಲೆ ಬಿಯರನ್ನು ಕೂರಿಸಬೇಡಿ ಎಂದವರು ಸರಿಯಾಗಿಯೇ ಹೇಳಿದರು.

ಆ ಭಯಕ್ಕೆ ದೊಡ್ಡ ಕಾರ್ಖಾನೆಗಳ ಅನುಭವದ ಬೆಂಬಲವೂ ಸಿಕ್ಕಿತು. ಅಲ್ಲಿನ ಹುದುಗು ತೊಟ್ಟಿಗಳು ಮಹಡಿಗಟ್ಟಲೆ ಎತ್ತರ, ತಳ ಆಲಿಕೆಯಂತೆ ಚೂಪು. ಸಾವಿರಾರು ಲೀಟರ್ ಬಿಯರಿನ ಭಾರ ಆ ಚೂಪಿನಲ್ಲಿ ಸೇರಿದ ಈಸ್ಟ್ ಮೇಲೆ ಬೀಳುತ್ತದೆ. ಒತ್ತಿಕೊಂಡ ಈಸ್ಟ್ ರಾಶಿಯ ನಡುವೆ ಬಿಸಿ ಕೂಡಿಕೊಳ್ಳುತ್ತದೆ. ಅಲ್ಲಿ ಈಸ್ಟನ್ನು ಬೇಗ ತೆಗೆಯಲೇಬೇಕು. ಆದರೆ ನಮ್ಮ ಬಕೆಟ್ಟು ಅಗಲ, ಬಿಯರಿನ ಎತ್ತರ ಮೊಣಕಾಲು ಮಟ್ಟಕ್ಕೂ ಬರುವುದಿಲ್ಲ. ತಳದ ಈಸ್ಟ್ ಮೇಲೆ ಯಾವ ಭಾರ, ಯಾವ ಬಿಸಿ? ಒಳ್ಳೆಯ ಈಸ್ಟ್ ಹಾಕಿ, ಸರಿಯಾದ ಶಾಖದಲ್ಲಿ ಇಟ್ಟ ಬಿಯರ್ ಮೂರು ವಾರ, ನಾಲ್ಕು ವಾರ ತನ್ನ ಗಸಿಯ ಮೇಲೆಯೇ ಕೂತರೂ ಏನೂ ಆಗುವುದಿಲ್ಲ. ಆನೆಗೆ ಬರೆದ ಮದ್ದಿನ ಚೀಟಿಯನ್ನು ಮೊಲಕ್ಕೆ ಓದಿ ಹೇಳಿದ ಕಥೆ ಇದು.

ಇನ್ನೊಂದು ಮೂಲ ಲಾಗರ್. ‘ಲಾಗರ್ನ್’ ಎಂದರೆ ಜರ್ಮನ್ ಭಾಷೆಯಲ್ಲಿ ಕೂಡಿಡುವುದು. ಬವೇರಿಯಾದ ದೊರೆ ಐದನೆಯ ಆಲ್ಬ್ರೆಕ್ಟ್ 1553ರಲ್ಲಿ ಬೇಸಿಗೆಯಲ್ಲಿ ಬಿಯರ್ ಮಾಡುವುದನ್ನೇ ನಿಲ್ಲಿಸಿದ: ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಅವಕಾಶ. ಹೀಗಾಗಿ ಬೇಸಿಗೆಗೆ ಬೇಕಾದ ಬಿಯರನ್ನು ಮಾರ್ಚಿನ ಹೊತ್ತಿಗೆ ಮಾಡಿ, ತಣ್ಣನೆಯ ನೆಲಮಾಳಿಗೆಯ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡಬೇಕಾಯಿತು. ‘ನೋಡಿ, ಅವರೂ ಪಾತ್ರೆ ಬದಲಿಸುತ್ತಿದ್ದರಲ್ಲ!’ ಎಂದು ನಮ್ಮವರು ವಾದಿಸುತ್ತಾರೆ. ಬದಲಿಸುತ್ತಿದ್ದರು. ಆದರೆ ಯಾವಾಗ ಎಂಬುದನ್ನು ಕೇಳುವುದಿಲ್ಲ. ಹುದುಗು ಪೂರ್ತಿ ಮುಗಿಯುವ ಮೊದಲೇ, ಇನ್ನೂ ಸ್ವಲ್ಪ ಸಕ್ಕರೆ ಉಳಿದಿರುವಾಗಲೇ, ಹಸಿ ಬಿಯರನ್ನು ಪೀಪಾಯಿಗೆ ಇಳಿಸುತ್ತಿದ್ದರು. ಜೊತೆಗೆ ಹೋದ ಜೀವಂತ ಈಸ್ಟ್ ಚಳಿಯಲ್ಲಿ ನಿಧಾನಕ್ಕೆ ದುಡಿಯುತ್ತ, ಒಳಗೆ ನುಗ್ಗಿದ ಗಾಳಿಯ ಆಮ್ಲಜನಕವನ್ನು ಹೀರಿ, ಹೊಸ ಗ್ಯಾಸನ್ನು ತುಂಬುತ್ತಿತ್ತು. ನಮ್ಮ ಸೂತ್ರದವರು ಮಾಡುವುದು ಇದರ ತದ್ವಿರುದ್ಧ: ಎಲ್ಲ ಮುಗಿದ ಮೇಲೆ, ಈಸ್ಟನ್ನು ಹಿಂದೆ ಬಿಟ್ಟು, ಬರಿಯ ಬಿಯರನ್ನು ಗಾಳಿ ತುಂಬಿದ ಖಾಲಿ ಬುಡ್ಡಿಗೆ ಸುರಿಯುತ್ತಾರೆ.

ಈ ಗಾಳಿಯ ವಿಷಯ ಸಣ್ಣದಲ್ಲ. ಗಾಳಿಗೆ ಪೂರ್ತಿ ತೆರೆದಿಟ್ಟ ನೀರಿನಲ್ಲಿ ಹತ್ತು ಲಕ್ಷಕ್ಕೆ ಎಂಟು ಭಾಗದಷ್ಟು ಆಮ್ಲಜನಕ ಕರಗುತ್ತದೆ. ವೃತ್ತಿಪರ ಕಾರ್ಖಾನೆಗಳು ಬಾಟಲಿಗೆ ಹೋಗುವ ಬಿಯರಿನಲ್ಲಿ ಅದು ನೂರು ಕೋಟಿಗೆ ನೂರು ಭಾಗ ದಾಟಬಾರದೆಂದು ಹೋರಾಡುತ್ತವೆ. ಅಂದರೆ ಎಂಬತ್ತನೆಯ ಒಂದು ಪಾಲು. ಅದಕ್ಕಾಗಿ ಅವರು ಕೊಳವೆ, ತೊಟ್ಟಿ, ಬಾಟಲಿ ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿನಿಂದ ತೊಳೆಯುತ್ತಾರೆ. ನಾವು ಪ್ಲಾಸ್ಟಿಕ್ ಕೊಳವೆ ಹಿಡಿದು, ಗುಳುಗುಳು ಸದ್ದಿನೊಂದಿಗೆ ಒಂದು ಬುಡ್ಡಿಯಿಂದ ಇನ್ನೊಂದಕ್ಕೆ ಇಳಿಸಿ, ಕೈ ತೊಳೆದುಕೊಂಡು, ‘ಈಗ ಮಾಗಲಿ’ ಎನ್ನುತ್ತೇವೆ. ಮಾಗುವುದಿಲ್ಲ, ಮುದಿಯಾಗುತ್ತದೆ. ಹಾಪ್ಸಿನ ಪರಿಮಳ ಮೊದಲು ಹೋಗುತ್ತದೆ. ಹೊನ್ನಿನ ಬಣ್ಣ ಕಂದಿ ತಾಮ್ರಕ್ಕೆ ತಿರುಗುತ್ತದೆ. ಆಮೇಲೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಹಾಪ್ಸ್ ಹೆಚ್ಚಿರುವ ಇಂಡಿಯಾ ಪೇಲ್ ಏಲ್‌ನಂಥ ಬಿಯರಿನಲ್ಲಿ ಈ ನಷ್ಟ ಕೆಲವೇ ವಾರಗಳಲ್ಲಿ ನಾಲಗೆಗೆ ಗೊತ್ತಾಗುತ್ತದೆ.

ಇದಕ್ಕೆ ಸಿಗುವ ಉತ್ತರ: ‘ಬಿಯರಿನ ಮೇಲೆ ಭಾರವಾದ ಗ್ಯಾಸಿನ ಕಂಬಳಿ ಇರುತ್ತದೆ, ಅದು ಕಾಪಾಡುತ್ತದೆ.’ ಭೌತಶಾಸ್ತ್ರ ಈ ಕಂಬಳಿಯನ್ನು ಒಪ್ಪುವುದಿಲ್ಲ. ಅನಿಲಗಳು ಎಣ್ಣೆ-ನೀರಿನಂತೆ ಪದರ ಕಟ್ಟಿ ಕೂರುವುದಿಲ್ಲ, ಒಂದರೊಳಗೊಂದು ಬೆರೆಯುತ್ತವೆ. ಇಂಗಾಲದ ಡೈಆಕ್ಸೈಡ್ ಭಾರವೆಂಬ ಕಾರಣಕ್ಕೆ ಕೆಳಗೇ ನಿಲ್ಲುವುದಾಗಿದ್ದರೆ ಸಮುದ್ರಮಟ್ಟದಲ್ಲಿ ನಾವ್ಯಾರೂ ಉಸಿರಾಡುತ್ತಿರಲಿಲ್ಲ. ಮೊದಲ ಪಾತ್ರೆಯಲ್ಲಿ ರಕ್ಷಣೆ ಇರುವುದು ನಿಜ, ಯಾಕೆಂದರೆ ಹುದುಗುವಾಗ ಹೊರಟ ನೂರಾರು ಲೀಟರ್ ಗ್ಯಾಸ್ ಅಲ್ಲಿದ್ದ ಗಾಳಿಯನ್ನು ಪೂರ್ತಿ ಹೊರಗೆ ತಳ್ಳಿರುತ್ತದೆ. ಆ ಸುರಕ್ಷಿತ ಮನೆಯಿಂದ ಬಿಯರನ್ನು ಎಬ್ಬಿಸಿಕೊಂಡು ಹೋಗುವುದೇ ನಾವು ಮಾಡುವ ಉಪಕಾರ.

ಎರಡನೆಯ ಹಾನಿ ಇನ್ನೂ ಸೂಕ್ಷ್ಮವಾದದ್ದು. ಈಸ್ಟ್ ಸಕ್ಕರೆ ತಿನ್ನುವಾಗ ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಬಿಡುತ್ತದೆ. ಬೆಣ್ಣೆಯ ವಾಸನೆಯ ಡಯಾಸಿಟೈಲ್‌ಗೆ ಮೂಲವಾದ ಪದಾರ್ಥವನ್ನೂ ಬಿಡುತ್ತದೆ. ಸಕ್ಕರೆ ಮುಗಿದ ಮೇಲೆ ಅದೇ ಈಸ್ಟ್ ಮರಳಿ ಅವುಗಳನ್ನೆಲ್ಲ ಹೀರಿಕೊಂಡು ನಿರಪಾಯದ ಪದಾರ್ಥಗಳಾಗಿ ಮಾಡುತ್ತದೆ. ಮದುವೆ ಮನೆಯಲ್ಲಿ ಉಂಡವರೇ ಎಲೆ ಎತ್ತಿ, ನೆಲ ಸಾರಿಸಿ ಹೋದ ಹಾಗೆ. ಒಂದು ವಾರ ತುಂಬಿತೆಂದು ಬಿಯರನ್ನು ಬೇರೆ ಪಾತ್ರೆಗೆ ಇಳಿಸಿದರೆ ಸಾರಿಸುವವರಲ್ಲಿ ಹೆಚ್ಚಿನವರನ್ನು ಹಿಂದೆ ಬಿಟ್ಟು ಬಂದಂತೆ. ಬೆಣ್ಣೆ ವಾಸನೆ ಹಾಗೇ ಉಳಿಯುತ್ತದೆ. ಆಗ ಸೂತ್ರದವರು, ‘ಇನ್ನೂ ಎರಡು ವಾರ ಇಡಬೇಕಿತ್ತು’ ಎನ್ನುತ್ತಾರೆ. ಇಡಬೇಕಿತ್ತು ನಿಜ, ಮೊದಲ ಪಾತ್ರೆಯಲ್ಲೇ!

ತಿಳಿಯಾಗುವುದಿಲ್ಲವಲ್ಲ, ಎನ್ನುವವರಿದ್ದಾರೆ. ಬಿಯರ್ ತಿಳಿಯಾಗುವುದು ಗುರುತ್ವಾಕರ್ಷಣೆಯಿಂದ, ಹೊಸ ಪಾತ್ರೆಯಿಂದಲ್ಲ. ಈಸ್ಟಿಗೆ ಯಾವ ಪಾತ್ರೆಯ ತಳವಾದರೂ ಒಂದೇ. ಬೇಗ ತಿಳಿಯಾಗಬೇಕಿದ್ದರೆ ಅದೇ ಪಾತ್ರೆಯನ್ನು ಎರಡು ದಿನ ಫ್ರಿಜ್ಜಿನ ಚಳಿಯಲ್ಲಿ, ಎರಡು-ಮೂರು ಡಿಗ್ರಿಯಲ್ಲಿ ಇಡಿ, ಸ್ಫಟಿಕದಂತೆ ಆಗುತ್ತದೆ. ಹೆಪ್ಪು ಹಾಕಿದ ಮೊಸರಿನ ಪಾತ್ರೆಯನ್ನು ಅಲುಗಾಡಿಸಬೇಡ ಎಂದು ಬೈಸಿಕೊಂಡು ಬೆಳೆದ ನಮಗೆ, ಕದಡಿದ್ದನ್ನು ತಿಳಿಗೊಳಿಸಲು ಕದಡುವುದು ದಾರಿಯಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಬರುವುದು ಬ್ರಹ್ಮಾಸ್ತ್ರ: ‘ನಾವು ಇಷ್ಟು ವರ್ಷ ಹೀಗೇ ಮಾಡಿದ್ದೇವೆ, ಚೆನ್ನಾಗಿಯೇ ಬಂದಿದೆ.’ ಬಂದಿರಬಹುದು. ಆದರೆ ಪಾತ್ರೆ ಬದಲಿಸಿದ್ದರಿಂದ ಚೆನ್ನಾಯಿತೋ, ಮೂರು ವಾರ ಕಾದದ್ದರಿಂದ ಚೆನ್ನಾಯಿತೋ? ಇದನ್ನು ತಿಳಿಯಲು ಒಂದೇ ಬಿಯರನ್ನು ಎರಡು ಭಾಗ ಮಾಡಿ, ಅರ್ಧವನ್ನು ಬದಲಿಸಿ, ಅರ್ಧವನ್ನು ಹಾಗೇ ಬಿಟ್ಟು, ಒಂದೇ ದಿನ ಬಾಟಲಿಗೆ ತುಂಬಿ, ಕಣ್ಣು ಕಟ್ಟಿ ಕುಡಿದು ನೋಡಬೇಕು. ಸೂತ್ರ ಹೇಳಿಕೊಡುವವರಲ್ಲಿ ಹೀಗೆ ನೋಡಿದವರು ನನಗೆ ಸಿಕ್ಕಿದ್ದು ಬಹಳ ಕಡಿಮೆ. ಶ್ರಾದ್ಧದ ದಿನ ಕಾಟ ಕೊಡುತ್ತಿದ್ದ ಬೆಕ್ಕನ್ನು ಅಜ್ಜ ಬುಟ್ಟಿಯಡಿ ಮುಚ್ಚಿಡುತ್ತಿದ್ದನೆಂದು, ಬೆಕ್ಕಿಲ್ಲದ ಮೊಮ್ಮಗ ಊರೆಲ್ಲ ಬೆಕ್ಕು ಹುಡುಕಿದ ಕಥೆ ನಮಗೆಲ್ಲ ಗೊತ್ತು. ಸತ್ತ ಈಸ್ಟಿನ ಕಾಲ ಹೋಯಿತು; ಬುಟ್ಟಿ ಮಾತ್ರ ಉಳಿದಿದೆ. ಬುಟ್ಟಿ ಮಾರುವ ಅಂಗಡಿಯೂ ಉಳಿದಿದೆ ಎಂಬುದನ್ನು ಮರೆಯಬಾರದು. ಆರಂಭಿಕರ ಪೆಟ್ಟಿಗೆಯಲ್ಲಿ ಒಂದು ಪಾತ್ರೆಯ ಬದಲು ಎರಡು ಇಟ್ಟರೆ ಯಾರಿಗೆ ಲಾಭವೆಂದು ಬಿಡಿಸಿ ಹೇಳಬೇಕಿಲ್ಲ. ಆ ಎರಡನೆಯದು ಗಾಜಿನದಾದರೆ, ತುಂಬಿದಾಗ ಇಪ್ಪತ್ತೈದು ಕಿಲೋ ತೂಗುವ ಅದನ್ನು ಒದ್ದೆ ಕೈಯಲ್ಲಿ ಎತ್ತುವ ಅಪಾಯ ಬೇರೆ.

ಈ ವಿಷಯದಲ್ಲಿ ಗೌರವದಿಂದ ನೆನೆಯಬೇಕಾದ ಹೆಸರು ಜಾನ್ ಪಾಮರ್ ಅವರದು. ‘ಹೌ ಟು ಬ್ರೂ’ ಎಂಬ ಅವರ ಪುಸ್ತಕ ಒಂದು ತಲೆಮಾರಿನ ಹವ್ಯಾಸಿಗಳಿಗೆ ಪಠ್ಯವಾಗಿತ್ತು. ಎರಡನೆಯ ಪಾತ್ರೆಯ ಪದ್ಧತಿಯೂ ಅದರಲ್ಲಿತ್ತು. ಅವರೇ ಮುಂದೆ ಬಹಿರಂಗವಾಗಿ ನಿಲುವು ಬದಲಿಸಿದರು: ಹಣ್ಣು ಹಾಕುವುದು, ಹುಳಿ ಬರಿಸುವುದು ಮುಂತಾದ ನಿಜವಾದ ಎರಡನೆಯ ಹುದುಗು ಇದ್ದರೆ ಹೊರತು ಯಾವ ಏಲ್‌ಗೂ ಇದನ್ನು ಶಿಫಾರಸು ಮಾಡುವುದಿಲ್ಲ ಎಂದರು. ಪುಸ್ತಕ ಬರೆದವರು ತಿದ್ದಿಕೊಂಡರು. ಪುಸ್ತಕ ಓದಿದವರು ಹಳೆಯ ಆವೃತ್ತಿಯನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಾರೆ. ನನ್ನ ಸಿಟ್ಟು ಇರುವುದು ಇಲ್ಲಿ. ಜ್ಞಾನ ಮುಂದಕ್ಕೆ ಹೋದದ್ದನ್ನು ನೋಡದೆ, ಹೋದ ದಾರಿಯ ಧೂಳನ್ನು ಹಣೆಗೆ ಹಚ್ಚಿಕೊಳ್ಳುವ ಭಕ್ತಿಯ ಮೇಲೆ.

ಈಗ ಎದುರು ಪಕ್ಷದವರ ಸರದಿ. ‘ಎರಡನೆಯ ಪಾತ್ರೆ ಬೇಡ’ ಎಂಬ ಮಾತು ಕೇಳಿದ ಕೂಡಲೇ ಕೆಲವರು ‘ಕಾಯುವುದೇ ಬೇಡ’ ಎಂದು ಅರ್ಥ ಮಾಡಿಕೊಂಡರು. ಏಳನೆಯ ದಿನ ಏರ್‌ಲಾಕಿನ ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಿಬಿಡುತ್ತಾರೆ. ಇದು ಹಳೆಯ ಮೌಢ್ಯಕ್ಕಿಂತ ಅಪಾಯಕಾರಿ. ಗುಳ್ಳೆ ನಿಲ್ಲುವುದಕ್ಕೂ ಹುದುಗು ಮುಗಿಯುವುದಕ್ಕೂ ನಂಟಿಲ್ಲ. ಮುಚ್ಚಳ ಸಡಿಲವಿದ್ದರೂ ಗುಳ್ಳೆ ನಿಲ್ಲುತ್ತದೆ, ಚಳಿ ಬಿದ್ದರೂ ನಿಲ್ಲುತ್ತದೆ. ನಿಜ ಹೇಳುವುದು ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿ. ನೀರಿನಲ್ಲಿ 1.000 ತೋರಿಸುವ ಅದು ಸಿಹಿ ಕಷಾಯದಲ್ಲಿ 1.050 ತೋರಿಸಿದರೆ, ಹುದುಗು ಮುಗಿದಾಗ 1.012ರ ಆಸುಪಾಸಿಗೆ ಇಳಿಯುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. 1.012ಕ್ಕೆ ಇಳಿಯಬೇಕಾದ ಬಿಯರನ್ನು 1.016ರಲ್ಲೇ ಬಾಟಲಿಗೆ ತುಂಬಿದಿರಿ ಎಂದುಕೊಳ್ಳಿ. ಉಳಿದ ಒಂದೊಂದು ಅಂಶವೂ ಲೀಟರಿಗೆ ಸುಮಾರು ಅರ್ಧ ಲೀಟರ್ ಗ್ಯಾಸ್ ಹುಟ್ಟಿಸುತ್ತದೆ. ನಾಲ್ಕು ಅಂಶಕ್ಕೆ ಎರಡು ಲೀಟರ್. ನೀವು ಹಾಕಿದ ಸಕ್ಕರೆಯೂ ಸೇರಿ, ಒಂದು ಲೀಟರಿಗೆ ಎರಡೂವರೆ ಲೀಟರ್ ಗ್ಯಾಸ್ ಇರಬೇಕಾದಲ್ಲಿ ನಾಲ್ಕೂವರೆ ಇರುತ್ತದೆ. ಮಾಮೂಲಿ ಬಿಯರ್ ಬಾಟಲಿಯನ್ನು ಅಷ್ಟು ಒತ್ತಡ ತಡೆಯಲು ಮಾಡಿರುವುದಿಲ್ಲ. ಅದು ಸಿಡಿಯುತ್ತದೆ, ಪಕ್ಕದ ಬಾಟಲಿಗಳನ್ನೂ ಸಿಡಿಸುತ್ತದೆ. ಕಪಾಟಿನ ಎದುರು ಮಗು ಆಡುತ್ತಿದೆಯೇ ಎಂದು ಕೇಳಿ ಸಿಡಿಯುವುದಿಲ್ಲ. ಎರಡು ಮೂರು ದಿನ ಬಿಟ್ಟು ಎರಡು ಸಲ ಅಳೆದಾಗ ಅಂಕಿ ಕದಲದೆ ನಿಂತಿರಬೇಕು, ಆ ಅಂಕಿ ನಿರೀಕ್ಷೆಗೆ ಹತ್ತಿರವಿರಬೇಕು, ಒಂದು ಗುಟುಕು ಕುಡಿದರೆ ಬೆಣ್ಣೆ, ಹಸಿ ಸೇಬು ಸಿಗಬಾರದು. ಆಗ ಮಾತ್ರ ಬಾಟಲಿ. ಅದು ಹತ್ತನೆಯ ದಿನವೂ ಆಗಬಹುದು, ಇಪ್ಪತ್ತೈದನೆಯ ದಿನವೂ ಆಗಬಹುದು. ಹಳಬರೂ ಹೊಸಬರೂ ಕ್ಯಾಲೆಂಡರನ್ನೇ ಕೇಳುತ್ತಾರೆ, ಬಿಯರನ್ನು ಕೇಳುವವರಿಲ್ಲ.

ಎರಡನೆಯ ಪಾತ್ರೆ ಎಲ್ಲೂ ಬೇಡವೆಂದು ನಾನು ಹೇಳುತ್ತಿಲ್ಲ. ಬ್ರಸೆಲ್ಸ್ ಸುತ್ತಿನ ಲ್ಯಾಂಬಿಕ್ ಬಿಯರ್ ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಕೂರುತ್ತದೆ. ಅಲ್ಲಿ ಈಸ್ಟ್ ಒಂದೇ ಅಲ್ಲ. ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ, ಬ್ರೆಟನೊಮೈಸಿಸ್ ಎಂಬ ಕಾಡು ಈಸ್ಟ್ ಉಳಿದವರು ಬಿಟ್ಟ ಸಕ್ಕರೆಯನ್ನು ತಿಂಗಳುಗಟ್ಟಲೆ ಮೆಲ್ಲುತ್ತದೆ. ಅದಕ್ಕೆ ಚೆರಿ ಹಣ್ಣು ಸೇರಿಸಿ ಕ್ರೀಕ್ ಮಾಡುವಾಗ ಹಣ್ಣಿನ ಸಕ್ಕರೆ ಹೊಸದಾಗಿ ಹುದುಗುತ್ತದೆ. ಎರಡನೆಯ ಹುದುಗು ಎಂಬ ಹೆಸರು ಅಲ್ಲಿ ಸಲ್ಲುತ್ತದೆ. ಹಾಗೆಯೇ ಬಾರ್ಲಿವೈನಿನಂಥ ಗಟ್ಟಿ ಬಿಯರನ್ನು ಆರೆಂಟು ತಿಂಗಳು ಒಟ್ಟಿಗೆ ಇಡುವುದಾದರೆ, ಕತ್ತಿನವರೆಗೆ ತುಂಬಿದ, ಗಾಳಿಗೆ ಜಾಗವಿಲ್ಲದ ಬುಡ್ಡಿಗೆ ವರ್ಗಾಯಿಸುವುದು ನ್ಯಾಯವೇ. ಆದರೂ ಅದಕ್ಕೆ ಬಾಟಲಿ ಇನ್ನೂ ಒಳ್ಳೆಯ ಜಾಗ. ಇಂಗ್ಲೆಂಡಿನ ಡಾರ್ಚೆಸ್ಟರಿನಲ್ಲಿ 1968ರಲ್ಲಿ ಮೊದಲು ತಯಾರಾದ ಥಾಮಸ್ ಹಾರ್ಡೀಸ್ ಏಲ್ ಹೆಸರು ಮಾಡಿದ್ದು ಬಾಟಲಿಯಲ್ಲೇ, ತನ್ನದೇ ಈಸ್ಟ್ ಜೊತೆ, ದಶಕಗಟ್ಟಲೆ ಮಾಗುವ ಗುಣಕ್ಕೆ. ಗೋಧಿ ಬಿಯರನ್ನೋ ಪೇಲ್ ಏಲನ್ನೋ ಮಾಡಿದವರು ಇವುಗಳನ್ನು ಉದಾಹರಣೆ ಕೊಟ್ಟರೆ, ಉಪ್ಪಿನಕಾಯಿ ವರ್ಷ ಇಡುತ್ತೇವೆಂದು ಕೋಸಂಬರಿಯನ್ನೂ ವರ್ಷ ಇಟ್ಟಂತೆ.

ಹಾಗಾಗಿ ಹೊಸಬರಿಗೆ ಸೂತ್ರ ಬೇಕೇ ಬೇಕೆಂದರೆ, ಅಂಕಿಗಳಿಲ್ಲದ ಒಂದು ಸೂತ್ರ ಹೇಳಿಕೊಡೋಣ: ಒಳ್ಳೆಯ ಈಸ್ಟ್ ಹಾಕು, ಮುಚ್ಚಳ ಮುಚ್ಚು, ಅಳೆದು ನೋಡು, ಕುಡಿದು ನೋಡು, ಮುಗಿದ ಮೇಲೆ ಮುಟ್ಟು. ಕೈಗೆ ಕೆಲಸವಿಲ್ಲದೆ ಕೂರುವುದು ಕಷ್ಟ ಎಂಬುದು ನನಗೆ ಗೊತ್ತು. ಎರಡನೆಯ ಪಾತ್ರೆಯ ಆಕರ್ಷಣೆಯ ಗುಟ್ಟೂ ಬಹುಶಃ ಅದೇ: ಏನೋ ಮಾಡಿದೆವೆಂಬ ಸಮಾಧಾನ. ಆ ಸಮಾಧಾನ ಮಾಡುವವರದು, ಅದರ ಬೆಲೆ ತೆರುವುದು ಬಿಯರ್. ಗ್ಯಾರೇಜಿನಲ್ಲಿರುವ ಆ ಎರಡನೆಯ ಬುಡ್ಡಿಯನ್ನು ಎಸೆಯಬೇಕಾಗಿಲ್ಲ. ಅದರಲ್ಲಿ ಇನ್ನೊಂದು ಬಿಯರ್ ಹುದುಗಿಸಿ.